ಕ್ಷಯವೂ ವೈದ್ಯನ ಮೂರು ಪ್ರಶ್ನೆಗಳೂ

ದಕ್ಷಪ್ರಜಾಪತಿಯ ಇಪ್ಪತ್ತೇಳು ಮಂದಿ ಹೆಣ್ಣುಮಕ್ಕಳನ್ನು ಚಂದ್ರನು ಮದುವೆಯಾಗಿ, ರೋಹಿಣಿಯೊಬ್ಬಳಲ್ಲಿಯೇ ಪ್ರೀತಿಯನ್ನಿಟ್ಟು ಉಳಿದವರನ್ನು ಕಡೆಗಣಿಸಿದನೆಂದೂ, ಮಾವನ ಶಾಪದಿಂದ ಅವನಿಗೆ ಕ್ಷಯವು ತಗುಲಿತೆಂದೂ ಪುರಾಣಗಳಲ್ಲಿ ಕಥೆಯಿದೆ. ನಕ್ಷತ್ರಗಳಿಗೆ ರಾಜನಾದವನನ್ನು ಹಿಡಿದ ರೋಗವಾದುದರಿಂದ ಇದಕ್ಕೆ ರಾಜಯಕ್ಷ್ಮವೆಂದು ಹೆಸರಾಯಿತಂತೆ. ಶಾಪಕ್ಕೆ ಪರಿಹಾರವೇನೋ ದೊರೆಯಿತು. ಆದರೆ ಅದು ಅರೆಪರಿಹಾರ. ಚಂದ್ರನಿಗೆ ಒಂದು ಪಕ್ಷ ಕ್ಷಯ, ಮತ್ತೊಂದು ಪಕ್ಷ ವೃದ್ಧಿ. ಈ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ.

ಇದನ್ನು ಮೊದಲು ಹೇಳಿದವರು ಕ್ಷಯರೋಗಿಯನ್ನು ಬಹುಕಾಲ ಹತ್ತಿರದಿಂದ ಕಂಡವರಾಗಿದ್ದಿರಬೇಕು. ಈ ರೋಗದ ಸ್ವಭಾವವೇ ಅಂಥದು. ಜ್ವರವು ಕೆಲವು ತಿಂಗಳು ಕಾಡಿ ಬಿಡುತ್ತದೆ, ಕೆಮ್ಮು ತಗ್ಗುತ್ತದೆ, ಮೈ ತುಂಬಿಕೊಂಡಂತೆ ತೋರುತ್ತದೆ. ಮನೆಯವರು ಹರಕೆ ತೀರಿಸುತ್ತಾರೆ. ಮತ್ತೊಂದು ಮಳೆಗಾಲ ಬರುವಷ್ಟರಲ್ಲಿ ಕಫದಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ಹೀಗೆ ತಾನಾಗಿಯೇ ಏರಿ ತಾನಾಗಿಯೇ ಇಳಿಯುವ ರೋಗದಲ್ಲಿ, ಇಳಿದದ್ದು ಔಷಧದ ಗುಣದಿಂದಲೋ ರೋಗದ ಸ್ವಭಾವದಿಂದಲೋ ಎಂಬುದನ್ನು ನಿರ್ಣಯಿಸುವುದು ಹೇಗೆ? ಇಳಿತದ ಕಾಲದಲ್ಲಿ ಬಂದ ವೈದ್ಯನು ಧನ್ವಂತರಿಯೆನಿಸುತ್ತಾನೆ; ಏರಿಕೆಯ ಕಾಲದಲ್ಲಿ ಬಂದವನು ಯಮರಾಜನ ಸೋದರನೆನಿಸುತ್ತಾನೆ. ಇಬ್ಬರೂ ಕೊಟ್ಟದ್ದು ಒಂದೇ ಕಷಾಯವಾಗಿದ್ದರೂ ಆಗಿರಬಹುದು.

ಯಾವ ರೋಗದ ವಿಷಯದಲ್ಲಿಯೇ ಆಗಲಿ ವೈದ್ಯನು ಉತ್ತರ ಹೇಳಬೇಕಾದ ಪ್ರಶ್ನೆಗಳು ಮೂರು. ರೋಗವಾವುದು? ಅದಕ್ಕೆ ಔಷಧವಾವುದು? ಔಷಧವನ್ನು ಕೊಂಡ ರೋಗಿಯ ಗತಿ ಏನಾಯಿತು, ಮತ್ತು ಕೊಳ್ಳದೆ ಇದ್ದಿದ್ದರೆ ಏನಾಗುತ್ತಿತ್ತು? ಮೊದಲೆರಡು ಪ್ರಶ್ನೆಗಳನ್ನು ಮನುಷ್ಯನು ಅನಾದಿಯಿಂದ ಕೇಳುತ್ತ ಬಂದಿದ್ದಾನೆ. ಮೂರನೆಯದನ್ನು ಸರಿಯಾಗಿ ಕೇಳುವುದಕ್ಕೆ ಕಲಿತು ಇನ್ನೂ ನೂರು ವರ್ಷಗಳಾಗಿಲ್ಲ. ಆ ಕಲಿಕೆಯ ಚರಿತ್ರೆಯನ್ನು ಕ್ಷಯರೋಗವೊಂದನ್ನೇ ನಿದರ್ಶನವಾಗಿಟ್ಟುಕೊಂಡು ನಿರೂಪಿಸುವುದು ಈ ಭಾಷಣದ ಉದ್ದೇಶ.

ರೋಗಲಕ್ಷಣಗಳ ವರ್ಣನೆಯಲ್ಲಿ ಪ್ರಾಚೀನರು ಹಿಂದೆ ಬಿದ್ದವರಲ್ಲ. ಚರಕಸಂಹಿತೆಯಲ್ಲಿ ರಾಜಯಕ್ಷ್ಮಕ್ಕೆ ನಾಲ್ಕು ಕಾರಣಗಳನ್ನು ಹೇಳಿದೆ: ಶಕ್ತಿಮೀರಿದ ದುಡಿಮೆ, ದೇಹದ ಸಹಜವೇಗಗಳನ್ನು ತಡೆಯುವುದು, ಧಾತುಗಳ ಸವೆತ, ಕ್ರಮವಿಲ್ಲದ ಆಹಾರ. ಪೂರ್ಣವಾಗಿ ಬಲಿತ ರೋಗಕ್ಕೆ ಹನ್ನೊಂದು ಲಕ್ಷಣಗಳನ್ನು ಎಣಿಸಿದೆ. ಗ್ರೀಸ್ ದೇಶದ ವೈದ್ಯರೂ ಈ ರೋಗಕ್ಕೆ 'ಸವೆತ' ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದರು. ಆದರೆ ಇವೆಲ್ಲವೂ ಹೊರಗಿನಿಂದ ಕಂಡ ಕುರುಹುಗಳು. ಬದುಕಿರುವ ಮನುಷ್ಯನ ಎದೆಯ ಒಳಗೆ ಏನು ನಡೆಯುತ್ತಿದೆಯೆಂಬುದು ಮುಚ್ಚಿದ ಪೆಟ್ಟಿಗೆಯ ಒಡವೆಯಂತೆ ಉಳಿದಿತ್ತು.

ಆ ಪೆಟ್ಟಿಗೆಯನ್ನು ಮೊದಲು ತಟ್ಟಿ ನೋಡಿದವನು ಆಸ್ಟ್ರಿಯ ದೇಶದ ಔಯೆನ್‌ಬ್ರುಗ್ಗರ್ ಎಂಬ ವೈದ್ಯ. ಅವನ ತಂದೆ ಛತ್ರವೊಂದನ್ನು ನಡೆಸುತ್ತಿದ್ದನು. ಮದ್ಯದ ಪೀಪಾಯಿಯನ್ನು ಬೆರಳಿನಿಂದ ತಟ್ಟಿ, ನಾದದಿಂದಲೇ ಅದು ತುಂಬಿದೆಯೋ ಬರಿದಾಗಿದೆಯೋ ತಿಳಿಯುವುದನ್ನು ಮಗನು ಕಂಡಿದ್ದನೆಂದು ಹೇಳುತ್ತಾರೆ. ಮನುಷ್ಯನ ಎದೆಯನ್ನೂ ಹಾಗೆಯೇ ತಟ್ಟಿ ಪರೀಕ್ಷಿಸಬಹುದೆಂದು ಆತನು ೧೭೬೧ರಲ್ಲಿ ಒಂದು ಸಣ್ಣ ಪುಸ್ತಕವನ್ನು ಬರೆದನು. ಅದನ್ನು ಲೆಕ್ಕಕ್ಕೆ ತೆಗೆದುಕೊಂಡವರು ಕೆಲವರೇ. ಅನಂತರ ೧೮೧೬ರಲ್ಲಿ ಪ್ಯಾರಿಸ್ ನಗರದ ಲೆನೆಕ್ ಎಂಬ ವೈದ್ಯನ ಬಳಿಗೆ ಎದೆಯ ಬೇನೆಯ ತರುಣಿಯೊಬ್ಬಳು ಬಂದಳು. ಅವಳ ಎದೆಗೆ ಕಿವಿಯೊಡ್ಡುವುದು ಸಭ್ಯತೆಯಲ್ಲವೆಂದು ಸಂಕೋಚಪಟ್ಟ ಲೆನೆಕನು ಕಾಗದದ ಹಾಳೆಗಳನ್ನು ಬಿಗಿಯಾಗಿ ಸುತ್ತಿ, ಒಂದು ತುದಿಯನ್ನು ಅವಳ ಎದೆಯ ಮೇಲೂ ಮತ್ತೊಂದನ್ನು ತನ್ನ ಕಿವಿಗೂ ಇಟ್ಟನು. ಬರಿಯ ಕಿವಿಗಿಂತ ಸ್ಪಷ್ಟವಾಗಿ ಹೃದಯದ ಬಡಿತವು ಕೇಳಿಸಿತು. ಸ್ಟೆತಸ್ಕೋಪು ಹುಟ್ಟಿದ್ದು ಹೀಗೆ.

ಲೆನೆಕನ ಹಿರಿಮೆ ಆ ಕೊಳವೆಯೊಂದರಲ್ಲಿಯೇ ಇಲ್ಲ. ರೋಗಿಯು ಬದುಕಿದ್ದಾಗ ತಾನು ಕೇಳಿದ ಶಬ್ದಗಳನ್ನು ಬರೆದಿಟ್ಟುಕೊಂಡು, ಅವನು ತೀರಿಕೊಂಡ ಮೇಲೆ ಶವವನ್ನು ಪರೀಕ್ಷಿಸಿ, ಈ ಶಬ್ದಕ್ಕೆ ಶ್ವಾಸಕೋಶದಲ್ಲಿ ಈ ವಿಕಾರವೆಂದು ಒಂದೊಂದನ್ನೂ ತಾಳೆ ನೋಡಿದನು. ಊಹೆಗೆ ಸಾಕ್ಷ್ಯವನ್ನು ಕೇಳುವ ಪದ್ಧತಿ ಇದು. ತನ್ನ ಗ್ರಂಥವನ್ನು ೧೮೧೯ರಲ್ಲಿ ಪ್ರಕಟಿಸಿದ ಆ ಮಹನೀಯನು ೧೮೨೬ರಲ್ಲಿ, ತನ್ನ ೪೫ನೆಯ ವಯಸ್ಸಿನಲ್ಲಿ, ಯಾವ ರೋಗವನ್ನು ಲೋಕಕ್ಕೆ ಕೇಳಿಸಿಕೊಟ್ಟನೋ ಆ ಕ್ಷಯದಿಂದಲೇ ತೀರಿಕೊಂಡನು. ರೋಗವನ್ನು ಗುರುತಿಸುವುದು ಬೇರೆ, ಗೆಲ್ಲುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಕಠಿಣವಾದ ನಿದರ್ಶನವು ಬೇಕಿಲ್ಲ.

ಫ್ರಾನ್ಸಿನ ವಿಲ್ಮೆನನು ರೋಗಿಯ ಶ್ವಾಸಕೋಶದ ದ್ರವ್ಯವನ್ನು ಮೊಲಗಳಿಗೆ ಚುಚ್ಚಿ, ಕ್ಷಯವು ಅಂಟುಜಾಡ್ಯವೆಂದು ೧೮೬೫ರಲ್ಲಿ ತೋರಿಸಿದನು. ೧೮೮೨ನೆಯ ಮಾರ್ಚಿ ೨೪ರಂದು ಬರ್ಲಿನ್ ನಗರದ ವಿದ್ವತ್ಸಭೆಯೊಂದರಲ್ಲಿ ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯನು ಎದ್ದುನಿಂತು, ಮನುಷ್ಯರಲ್ಲಿ ಏಳರಲ್ಲೊಬ್ಬರನ್ನು ಕೊಲ್ಲುತ್ತಿರುವ ಈ ರೋಗಕ್ಕೆ ಕಾರಣವಾದ ಕ್ರಿಮಿಯನ್ನು ತಾನು ಕಂಡಿರುವುದಾಗಿ ತಿಳಿಸಿದನು. ಮೈಗೆ ಮೇಣದಂತಹ ಕವಚವುಳ್ಳ ಆ ಕ್ರಿಮಿಗೆ ಬಣ್ಣ ಹಿಡಿಸುವುದೇ ಕಷ್ಟವಾಗಿತ್ತು. ಒಮ್ಮೆ ಹಿಡಿದ ಬಣ್ಣವನ್ನು ಆಮ್ಲದಿಂದ ತೊಳೆದರೂ ಅದು ಬಿಡದೆಂಬುದನ್ನು ಕಂಡುಕೊಂಡ ಮೇಲೆ, ಕಫದ ಒಂದು ತೊಟ್ಟನ್ನು ಗಾಜಿನ ಹಲ್ಲೆಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನೀಲಿಯ ನಡುವೆ ಕೆಂಪು ಕಡ್ಡಿಗಳಂತೆ ಕ್ರಿಮಿಗಳು ಕಾಣತೊಡಗಿದವು. ಜೀಲ್ ಮತ್ತು ನೀಲ್ಸನ್ ಎಂಬಿಬ್ಬರ ಹೆಸರಿನ ಈ ಸುಲಭ ವಿಧಾನವು ಮುಂದೆ ನಮ್ಮ ನಾಡಿಗೆ ಎಷ್ಟು ಉಪಕಾರವನ್ನು ಮಾಡಿತೆಂಬುದನ್ನು ಮುಂದೆ ಹೇಳುತ್ತೇನೆ. ೧೮೯೫ರಲ್ಲಿ ರೋಂಟ್‌ಗೆನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದನು. ಮುಚ್ಚಿದ ಪೆಟ್ಟಿಗೆಯ ಒಳಗನ್ನು ಕಣ್ಣಿನಿಂದಲೇ ನೋಡುವಂತಾಯಿತು. ಮೊದಲನೆಯ ಪ್ರಶ್ನೆಗೆ ಉತ್ತರ ದೊರೆಯಿತು.

ಎರಡನೆಯ ಪ್ರಶ್ನೆಗೂ ತಾನೇ ಉತ್ತರ ಹೇಳಬೇಕೆಂದು ಕಾಖನು ಆಶಿಸಿದನು. ೧೮೯೦ರಲ್ಲಿ ಟ್ಯುಬರ್ಕ್ಯುಲಿನ್ ಎಂಬ ಔಷಧವನ್ನು ಅವನು ಪ್ರಕಟಪಡಿಸಿದಾಗ ಯೂರೋಪಿನ ಮೂಲೆಮೂಲೆಗಳಿಂದ ರೋಗಿಗಳು ಬರ್ಲಿನ್ನಿಗೆ ಧಾವಿಸಿದರು. ಅದರಲ್ಲಿ ಏನಿದೆಯೆಂಬುದನ್ನು ಆರಂಭದಲ್ಲಿ ಆತನು ಹೊರಗೆಡಹಲಿಲ್ಲ. ಕೆಲವರು ಚೇತರಿಸಿಕೊಂಡಂತೆ ಕಂಡಿತು, ಜಯಘೋಷವಾಯಿತು. ಆದರೆ ತಿಂಗಳುಗಳು ಕಳೆಯುವುದರೊಳಗೆ ಸಾವುಗಳ ವಾರ್ತೆ ಬರತೊಡಗಿತು. ಸತ್ತವರ ಶವಗಳನ್ನು ಪರೀಕ್ಷಿಸಿದ ವಿರ್ಚೋ ಎಂಬ ಪಂಡಿತನು, ಔಷಧದಿಂದ ರೋಗವು ಅಡಗುವ ಬದಲು ಹರಡಿರುವುದನ್ನು ತೋರಿಸಿಕೊಟ್ಟನು. ಕಾಖನು ಮೋಸಗಾರನಲ್ಲ, ಮಹಾವಿಜ್ಞಾನಿ. ಆದರೆ ಚೇತರಿಸಿಕೊಂಡವರು ಔಷಧವಿಲ್ಲದೆಯೂ ಚೇತರಿಸಿಕೊಳ್ಳುತ್ತಿದ್ದರೇ ಎಂದು ಕೇಳುವ ಮೂರನೆಯ ಪ್ರಶ್ನೆಯನ್ನು ಆತನು ಕೇಳಲಿಲ್ಲ. ಶುಕ್ಲಪಕ್ಷದ ಚಂದ್ರನನ್ನು ಕಂಡು, ಇವನನ್ನು ಬೆಳೆಸಿದವನು ತಾನೆಂದು ಭ್ರಮಿಸಿದಂತಾಯಿತು. ಮುಂದೆ ಟ್ಯುಬರ್ಕ್ಯುಲಿನ್ ಔಷಧವಾಗಿ ಉಳಿಯದೆ, ಸೋಂಕನ್ನು ಕಂಡುಹಿಡಿಯುವ ಚರ್ಮಪರೀಕ್ಷೆಯಾಗಿ ಉಳಿಯಿತು.

ಔಷಧವಿಲ್ಲದ ಆ ಕಾಲದಲ್ಲಿ ರೋಗಿಗೆ ಉಳಿದ ಆಶ್ರಯವೆಂದರೆ ಸ್ಯಾನಟೋರಿಯಂ. ಹತ್ತೊಂಬತ್ತನೆಯ ಶತಮಾನದ ನಡುವೆ ಜರ್ಮನಿಯಲ್ಲಿ ಬ್ರೇಮರ್ ಎಂಬ ವೈದ್ಯನು ಆರಂಭಿಸಿದ ಈ ಪದ್ಧತಿಯಲ್ಲಿ ನಿರ್ಮಲವಾದ ಗಾಳಿ, ಪುಷ್ಟಿಕರವಾದ ಆಹಾರ, ಸಂಪೂರ್ಣ ವಿಶ್ರಾಂತಿ ಇವು ಮೂರೇ ಔಷಧ. ನಮ್ಮ ದಕ್ಷಿಣದೇಶದಲ್ಲಿ ಮದನಪಲ್ಲಿಯ ಬಳಿಯ ಆರೋಗ್ಯವರವು ಹೆಸರಾಯಿತು. ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕ್ಷಯರೋಗದ ಆಸ್ಪತ್ರೆಯು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಸ್ಥಾಪಿತವಾಯಿತು. ಅರಮನೆಯಾಗಲಿ ಗುಡಿಸಲಾಗಲಿ ಈ ರೋಗಕ್ಕೆ ಭೇದವಿರಲಿಲ್ಲವೆಂಬುದನ್ನು ಆ ಹೆಸರೇ ನೆನಪಿಗೆ ತರುತ್ತದೆ. ಆದರೂ ಭೇದವು ಮತ್ತೊಂದು ಕಡೆ ಇತ್ತು. ಲಕ್ಷಾಂತರ ರೋಗಿಗಳಿರುವ ದೇಶದಲ್ಲಿ ಹಾಸಿಗೆಗಳು ಕೆಲವು ಸಾವಿರ. ಹಾಸಿಗೆ ದೊರೆಯದ ರೈತನೂ ಕೂಲಿಕಾರನೂ ಏನು ಮಾಡಬೇಕು?

೧೯೪೩ರಲ್ಲಿ ಅಮೆರಿಕದ ನ್ಯೂಜರ್ಸಿ ಸಂಸ್ಥಾನದಲ್ಲಿ, ವ್ಯಾಕ್ಸ್‌ಮನ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಷಾಟ್ಸ್ ಎಂಬ ತರುಣನು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಎಂಬ ದ್ರವ್ಯವನ್ನು ಪಡೆದನು. ಗಾಜಿನ ನಾಳದಲ್ಲಿ ಅದು ಕ್ಷಯಕ್ರಿಮಿಯನ್ನು ತಡೆಯಿತು. ಮನುಷ್ಯನ ದೇಹದಲ್ಲಿಯೋ? ಯುದ್ಧದಿಂದ ಬಡವಾಗಿದ್ದ ಬ್ರಿಟನ್ನಿಗೆ ಆ ಔಷಧವು ಬಲು ಸ್ವಲ್ಪ ಪ್ರಮಾಣದಲ್ಲಿ ದೊರೆಯಿತು. ಕೇಳುವವರೆಲ್ಲರಿಗೂ ಕೊಡುವಷ್ಟು ಇರಲಿಲ್ಲ. ಹೇಗೂ ಎಲ್ಲರಿಗೂ ಸಾಲದೆಂದ ಮೇಲೆ, ಇರುವಷ್ಟನ್ನು ಸತ್ಯವು ತಿಳಿಯುವಂತೆ ಹಂಚೋಣವೆಂದು ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಲಿಯು ನಿಶ್ಚಯಿಸಿತು. ಹಂಚಿಕೆಯ ಕ್ರಮವನ್ನು ರೂಪಿಸಿದವನು ಬ್ರಾಡ್‌ಫರ್ಡ್ ಹಿಲ್. ಈತನು ವೈದ್ಯನಲ್ಲ, ಸಂಖ್ಯಾಶಾಸ್ತ್ರಜ್ಞ. ವೈದ್ಯನಾಗಬೇಕೆಂದಿದ್ದ ಈತನಿಗೆ ಮೊದಲನೆಯ ಮಹಾಯುದ್ಧದ ಸೇವೆಯಲ್ಲಿ ಕ್ಷಯವೇ ತಗುಲಿ, ವರ್ಷಗಟ್ಟಲೆ ಹಾಸಿಗೆ ಹಿಡಿದು, ಆ ಆಸೆಯನ್ನು ಬಿಡಬೇಕಾಗಿ ಬಂದಿತ್ತು.

ಹಿಲ್ಲನ ಏರ್ಪಾಟು ಸರಳವಾದುದು. ಎರಡು ಶ್ವಾಸಕೋಶಗಳಲ್ಲಿಯೂ ರೋಗವು ತೀವ್ರವಾಗಿದ್ದ ೧೦೭ ಮಂದಿ ತರುಣ ರೋಗಿಗಳಲ್ಲಿ ಯಾರಿಗೆ ಔಷಧ, ಯಾರಿಗೆ ಬರಿಯ ವಿಶ್ರಾಂತಿ ಎಂಬುದನ್ನು ವೈದ್ಯನು ತೀರ್ಮಾನಿಸಕೂಡದು. ಚೀಟಿ ಎತ್ತಿದಂತೆ ಸಂಖ್ಯೆಗಳ ಆಧಾರದಿಂದ ಮೊದಲೇ ಗೊತ್ತುಮಾಡಿ, ಮುದ್ರೆಯೊತ್ತಿದ ಲಕೋಟೆಗಳಲ್ಲಿ ಇಟ್ಟಿರಬೇಕು. ವೈದ್ಯನ ಕರುಣೆಯಾಗಲಿ ಆಶೆಯಾಗಲಿ, ಗಟ್ಟಿಮುಟ್ಟಾದ ರೋಗಿಯನ್ನು ಒಂದು ಕಡೆಗೂ ಸೊರಗಿದವನನ್ನು ಇನ್ನೊಂದು ಕಡೆಗೂ ತಳ್ಳಬಾರದು. ಎದೆಯ ಚಿತ್ರಗಳನ್ನು ಪರೀಕ್ಷಿಸುವವರಿಗೂ ಇದು ಯಾವ ಗುಂಪಿನವನ ಚಿತ್ರವೆಂದು ತಿಳಿದಿರಬಾರದು. ೧೯೪೭ರಲ್ಲಿ ಆರಂಭವಾದ ಈ ಪರೀಕ್ಷೆಯ ಫಲವು ೧೯೪೮ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಔಷಧ ಪಡೆದ ೫೫ ಮಂದಿಯಲ್ಲಿ ೪ ಮಂದಿಯೂ, ಪಡೆಯದ ೫೨ ಮಂದಿಯಲ್ಲಿ ೧೪ ಮಂದಿಯೂ ತೀರಿಕೊಂಡಿದ್ದರು. ಎದೆಯ ಚಿತ್ರದಲ್ಲಿ ಬಹಳ ಗುಣ ಕಂಡವರು ಒಂದು ಕಡೆ ೨೮, ಇನ್ನೊಂದು ಕಡೆ ೪.

ಈ ೪ ಎಂಬ ಸಂಖ್ಯೆಯನ್ನು ಗಮನಿಸಬೇಕು. ಔಷಧವಿಲ್ಲದೆಯೂ ನಾಲ್ವರು ಚೆನ್ನಾಗಿ ಚೇತರಿಸಿಕೊಂಡಿದ್ದರು. ಎದುರುಗುಂಪು ಇಲ್ಲದೆ ಹೋಗಿದ್ದರೆ, ಅಂಥವರನ್ನು ಮುಂದಿಟ್ಟುಕೊಂಡು ಯಾವ ಕಷಾಯಕ್ಕೆ ಬೇಕಾದರೂ ಕೀರ್ತಿ ಕಟ್ಟಬಹುದಾಗಿತ್ತು. ಚಂದ್ರನ ಸಹಜವಾದ ವೃದ್ಧಿಯೆಷ್ಟು, ಔಷಧದಿಂದಾದ ವೃದ್ಧಿಯೆಷ್ಟು ಎಂಬುದನ್ನು ಬೇರ್ಪಡಿಸುವ ತಕ್ಕಡಿಯು ಈಗ ಕೈಗೆ ಬಂದಿತು.

ಆದರೆ ಆ ತಕ್ಕಡಿಯೇ ಇನ್ನೊಂದು ಕಹಿಯಾದ ಸತ್ಯವನ್ನೂ ತೂಗಿ ತೋರಿಸಿತು. ಅದೇ ರೋಗಿಗಳನ್ನು ಐದು ವರ್ಷಗಳ ತನಕ ಬಿಡದೆ ವಿಚಾರಿಸಿದಾಗ, ಔಷಧ ಪಡೆದವರಲ್ಲಿ ೩೨ ಮಂದಿಯೂ ಪಡೆಯದವರಲ್ಲಿ ೩೫ ಮಂದಿಯೂ ಮಡಿದಿದ್ದರು. ಆರಂಭದ ಜಯವು ಬಹುಮಟ್ಟಿಗೆ ಕರಗಿಹೋಗಿತ್ತು. ಒಂದೇ ಔಷಧವನ್ನು ಎದುರಿಸಿದ ಕ್ರಿಮಿಗಳಲ್ಲಿ ಅದಕ್ಕೆ ಬಗ್ಗದ ಕೆಲವು ಉಳಿದು, ಅವುಗಳ ಸಂತತಿಯೇ ಬೆಳೆದುದು ಇದಕ್ಕೆ ಕಾರಣ. ಆರನೆಯ ತಿಂಗಳಿಗೇ ವಿಚಾರಣೆಯನ್ನು ನಿಲ್ಲಿಸಿದ್ದರೆ ಇದು ತಿಳಿಯುತ್ತಿರಲಿಲ್ಲ. ಸ್ವೀಡನ್ನಿನ ಲೇಮನ್ ಎಂಬಾತನು ಕಂಡುಹಿಡಿದಿದ್ದ ಪಾಸ್ ಎಂಬ ಔಷಧವನ್ನು ಜೊತೆಗೆ ಕೊಟ್ಟರೆ ಕ್ರಿಮಿಯು ತಪ್ಪಿಸಿಕೊಳ್ಳಲಾರದೆಂದು ೧೯೫೦ರ ವೇಳೆಗೆ ಸಿದ್ಧವಾಯಿತು. ೧೯೫೨ರಲ್ಲಿ ಐಸೋನಿಯಜಿಡ್ ಎಂಬ ಅಗ್ಗವಾದ ಮಾತ್ರೆಯೂ ಬಂದಿತು. ಎರಡನೆಯ ಪ್ರಶ್ನೆಗೂ ಉತ್ತರ ದೊರೆಯಿತು.

ಇಲ್ಲಿಂದ ಮುಂದೆ ಕಥೆಯು ನಮ್ಮ ನಾಡಿಗೆ ಬರುತ್ತದೆ. ಹಾಸಿಗೆ ದೊರೆಯದ ಬಡವನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಮೇಲೆ ಕೇಳಿದೆವಷ್ಟೆ. ೧೯೫೬ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯಚಿಕಿತ್ಸಾ ಸಂಶೋಧನಾ ಕೇಂದ್ರವು ವಾಲೆಸ್ ಫಾಕ್ಸ್ ಎಂಬ ವೈದ್ಯನ ಮುಂದಾಳುತನದಲ್ಲಿ ಇದನ್ನೇ ಪರೀಕ್ಷೆಗೆ ಎತ್ತಿಕೊಂಡಿತು. ನಗರದ ಬಡಕೇರಿಗಳ ರೋಗಿಗಳನ್ನು ಹಿಲ್ಲನ ಕ್ರಮದಲ್ಲಿಯೇ ಎರಡು ಗುಂಪಾಗಿ ವಿಂಗಡಿಸಿ, ಒಂದು ಗುಂಪನ್ನು ಸ್ಯಾನಟೋರಿಯಮ್ಮಿಗೆ ಕಳುಹಿಸಿದರು. ಇನ್ನೊಂದು ಗುಂಪಿನವರು ತಮ್ಮ ಇಕ್ಕಟ್ಟಾದ ಮನೆಗಳಲ್ಲಿಯೇ ಉಳಿದರು. ಇಬ್ಬರಿಗೂ ಒಂದು ವರ್ಷ ಅವೇ ಎರಡು ಔಷಧಗಳು. ಅಲ್ಲಿ ಹಾಲು, ಮೊಟ್ಟೆ, ವಿಶ್ರಾಂತಿ. ಇಲ್ಲಿ ಗಂಜಿ, ಸಂಸಾರ, ಕೆಲಸ. ಮನೆಯಲ್ಲಿದ್ದವರು ಹಿಂದೆ ಬೀಳುವರೆಂದೂ, ಮಕ್ಕಳಿಗೆ ರೋಗವನ್ನು ಹಂಚುವರೆಂದೂ ತಿಳಿದವರೆಲ್ಲ ನಿರೀಕ್ಷಿಸಿದ್ದರು.

೧೯೫೯ರಲ್ಲಿ ಫಲವು ಪ್ರಕಟವಾದಾಗ ವೈದ್ಯಲೋಕವು ಬೆರಗಾಯಿತು. ವರ್ಷದ ಕೊನೆಯಲ್ಲಿ ರೋಗವು ಅಡಗಿದ್ದುದು ಸ್ಯಾನಟೋರಿಯಮ್ಮಿನವರಲ್ಲಿ ನೂರಕ್ಕೆ ೯೨, ಮನೆಯವರಲ್ಲಿ ನೂರಕ್ಕೆ ೮೬. ಮನೆಯ ಮಂದಿಗೆ ಸೋಂಕಿನ ಭಯವೂ ಹೆಚ್ಚಾಗಿರಲಿಲ್ಲ. ಔಷಧವು ಆರಂಭವಾಗುವುದಕ್ಕೆ ಮೊದಲೇ ಆಗಬೇಕಾದುದು ಬಹುಮಟ್ಟಿಗೆ ಆಗಿಹೋಗಿರುತ್ತಿತ್ತು. ಗುಣವಾಗಬೇಕಾದರೆ ಬೆಟ್ಟದ ಗಾಳಿಯೇ ಬೇಕೆಂಬ ನೂರು ವರ್ಷಗಳ ನಂಬಿಕೆಯು, ಮದರಾಸಿನ ಬಡವರ ಸಹಕಾರದಿಂದ ಬಿದ್ದುಹೋಯಿತು. ಲೋಕದ ಎಷ್ಟೋ ಸ್ಯಾನಟೋರಿಯಂಗಳು ಮುಂದಿನ ದಶಕಗಳಲ್ಲಿ ಬಾಗಿಲು ಮುಚ್ಚಿದವು.

ಔಷಧವನ್ನು ಮನೆಯಲ್ಲಿಯೇ ಕೊಡಬಹುದೆಂದಾಯಿತು. ಆದರೆ ಯಾರ ಮನೆಗೆ? ಹಳ್ಳಿಗಳಲ್ಲಿಯೂ ಕ್ಷಯವು ಪಟ್ಟಣಗಳಷ್ಟೇ ಹರಡಿದೆಯೆಂದು ೧೯೫೫ರಿಂದ ೧೯೫೮ರ ವರೆಗೆ ನಡೆದ ಅಖಿಲಭಾರತ ಪರಿಶೀಲನೆಯಿಂದ ತಿಳಿದಿತ್ತು. ಲಕ್ಷಾಂತರ ಹಳ್ಳಿಗಳಿಗೆ ಎಕ್ಸ್ ರೇ ಗಾಡಿಗಳನ್ನು ಓಡಿಸುವಷ್ಟು ಹಣವೆಲ್ಲಿ? ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬಿಬ್ಬರು ಬೇರೊಂದು ಪ್ರಶ್ನೆಯನ್ನು ಕೇಳಿದರು. ರೋಗಿಯನ್ನು ನಾವು ಹುಡುಕಿಕೊಂಡು ಹೋಗಬೇಕೇ, ಇಲ್ಲವೇ ಅವನೇ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದಾನೆಯೇ?

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯವಿದ್ದವರನ್ನು ವಿಚಾರಿಸಿ ಅವರು ೧೯೬೩ರಲ್ಲಿ ಪ್ರಕಟಿಸಿದ ಉತ್ತರವು ತಲೆತಗ್ಗಿಸುವಂತಹುದು. ಕಫದಲ್ಲಿ ಕ್ರಿಮಿಗಳಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ತಮ್ಮ ಕೆಮ್ಮಿಗೂ ಜ್ವರಕ್ಕೂ ಪರಿಹಾರವನ್ನು ಬೇಡಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿಬಂದವರು. ಅಲ್ಲಿ ಅವರ ಕಫವನ್ನು ನೋಡಿದವರಿಲ್ಲ. ಕೆಮ್ಮಿನ ಔಷಧದ ಶೀಸೆಯನ್ನು ಹಿಡಿದು ಅವರು ಮನೆಗೆ ಹಿಂದಿರುಗಿದ್ದರು. ಹಳ್ಳಿಯವನು ಅಜ್ಞಾನಿ, ರೋಗವನ್ನು ಮುಚ್ಚಿಡುತ್ತಾನೆ, ಎಂದು ಓದಿದವರು ಆಡುತ್ತಿದ್ದ ಮಾತು ಸುಳ್ಳಾಯಿತು. ಅವನು ತನ್ನ ಕೆಲಸವನ್ನು ಮಾಡಿದ್ದನು, ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಂಡಿರಲಿಲ್ಲ. ಲೆನೆಕನ ಕೊಳವೆಯೂ ಕಾಖನ ಸೂಕ್ಷ್ಮದರ್ಶಕವೂ ಇದ್ದು, ಅವನ್ನು ಉಪಯೋಗಿಸುವ ಮನಸ್ಸು ಇಲ್ಲದಿದ್ದರೆ ಫಲವೇನು? ಪ್ರತಿಯೊಂದು ಆರೋಗ್ಯಕೇಂದ್ರದಲ್ಲಿಯೂ ಸೂಕ್ಷ್ಮದರ್ಶಕವಿರಬೇಕು, ಕೆಮ್ಮುತ್ತ ಬಂದವನ ಕಫವನ್ನು ನೋಡಬೇಕು, ಔಷಧವನ್ನು ಉಚಿತವಾಗಿ ಮನೆಗೆ ಕೊಡಬೇಕು ಎಂಬ ತಳಹದಿಯ ಮೇಲೆ ೧೯೬೨ರಿಂದ ದೇಶದ ಕ್ಷಯನಿವಾರಣಾ ಕಾರ್ಯಕ್ರಮವು ನಡೆಯತೊಡಗಿತು. ಜೀಲ್ ನೀಲ್ಸನ್ ವಿಧಾನದ ಉಪಕಾರವೆಂದು ನಾನು ಹೇಳಿದ್ದು ಇದನ್ನೇ.

ಇದೇ ಸಂಸ್ಥೆಯವರು ೧೯೬೧ರಿಂದ ೧೯೬೮ರ ವರೆಗೆ, ವ್ಯವಸ್ಥಿತವಾದ ಕ್ಷಯನಿವಾರಣಾ ಕಾರ್ಯವು ಇನ್ನೂ ಮುಟ್ಟಿರದಿದ್ದ ಬೆಂಗಳೂರು ಜಿಲ್ಲೆಯ ೧೧೯ ಹಳ್ಳಿಗಳನ್ನು ಮತ್ತೆ ಮತ್ತೆ ಸಂದರ್ಶಿಸಿ ರೋಗಿಗಳ ಗತಿಯನ್ನು ಬರೆದಿಟ್ಟರು. ಐದು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳು ಸತ್ತಿದ್ದರು. ಸುಮಾರು ಮೂರರಲ್ಲೊಂದು ಪಾಲಿನವರ ಕಫವು ತಾನಾಗಿಯೇ ಶುದ್ಧವಾಗಿತ್ತು. ಉಳಿದವರು ಕ್ರಿಮಿಗಳನ್ನು ಹರಡುತ್ತ ಹಾಗೆಯೇ ಇದ್ದರು. ಕ್ಷಯದ ಸಹಜಗತಿಯೆಂದರೇನೆಂಬ ಹಳೆಯ ಪ್ರಶ್ನೆಗೆ ಲೋಕವು ಇಂದಿಗೂ ಉದಾಹರಿಸುವ ಉತ್ತರಗಳಲ್ಲಿ ಇದೊಂದು. ಇದನ್ನು ಓದುವಾಗ ಮನಸ್ಸು ಎರಡಾಗುತ್ತದೆ. ಈ ಸಂಖ್ಯೆಗಳಿಲ್ಲದೆ ಔಷಧದ ಬೆಲೆಯನ್ನು ಕಟ್ಟಲಾಗುತ್ತಿರಲಿಲ್ಲ. ಆದರೆ ಪ್ರತಿಯೊಂದು ಸಂಖ್ಯೆಯ ಹಿಂದೆಯೂ ಒಂದು ಮನೆಯಿತ್ತು, ಆರಿದ ಒಂದು ಒಲೆಯಿತ್ತು. ಬ್ರಿಟನ್ನಿನ ಪರೀಕ್ಷೆಯಲ್ಲಿ ಔಷಧ ದೊರೆಯದ ೫೨ ಮಂದಿಗೆ, ತಾವು ಇನ್ನೊಂದು ಗುಂಪಿನೊಡನೆ ಹೋಲಿಕೆಗೆ ಒಳಗಾಗಿರುವ ಸಂಗತಿಯನ್ನು ತಿಳಿಸಿರಲಿಲ್ಲ. ರೋಗಿಗೆ ತಿಳಿಸಿ, ಅವನ ಒಪ್ಪಿಗೆಯನ್ನು ಪಡೆದೇ ಪರೀಕ್ಷೆ ನಡೆಯಬೇಕೆಂಬ ನಿಯಮವು ಅನಂತರ ಬಲಗೊಂಡಿತು. ಜ್ಞಾನವು ಸಾಲದ ರೂಪದಲ್ಲಿ ಬರುತ್ತದೆ. ಆ ಸಾಲವನ್ನು ರೋಗಿಗಳಿಗೇ ತೀರಿಸಬೇಕು.

ತೀರಿಸಿದ್ದೇವೆಯೇ? ರಿಫಾಂಪಿಸಿನ್ ಮೊದಲಾದ ಔಷಧಗಳಿಂದ ಚಿಕಿತ್ಸೆಯ ಕಾಲವು ಆರು ತಿಂಗಳಿಗೆ ಇಳಿಯಿತು. ಮಾತ್ರೆಯನ್ನು ನಡುವೆಯೇ ಬಿಟ್ಟವರು ಬಹಳವಾದುದರಿಂದ, ಕಣ್ಣೆದುರಿನಲ್ಲಿಯೇ ನುಂಗಿಸುವ ಪದ್ಧತಿಯು ೧೯೯೭ರಿಂದ ಈ ದೇಶದಲ್ಲಿ ಹರಡಿತು. ಕೆಲವು ಗಂಟೆಗಳಲ್ಲಿ ಕ್ರಿಮಿಯನ್ನೂ ಔಷಧಕ್ಕೆ ಬಗ್ಗದ ಅದರ ಗುಣವನ್ನೂ ತಿಳಿಸುವ ಯಂತ್ರವನ್ನು ೨೦೧೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಂಗೀಕರಿಸಿತು. ಇಷ್ಟಾದರೂ ಅದೇ ಸಂಸ್ಥೆಯ ಲೆಕ್ಕದಂತೆ ೨೦೨೩ರಲ್ಲಿ ಕ್ಷಯದಿಂದ ಲೋಕದಲ್ಲಿ ಸತ್ತವರು ಸುಮಾರು ಹನ್ನೆರಡೂವರೆ ಲಕ್ಷ. ಹೊಸದಾಗಿ ರೋಗ ತಗುಲಿದವರಲ್ಲಿ ನಾಲ್ವರಲ್ಲೊಬ್ಬರು ಭಾರತದವರು.

ಕೊನೆಯದಾಗಿ ಒಂದು ಸಂಗತಿ. ಮಂಗಳೂರಿನ ವೈದ್ಯಕೀಯ ವಿದ್ಯಾಲಯವೊಂದರ ಅನುರಾಗ್ ಭಾರ್ಗವರೂ ಅವರ ಸಂಗಡಿಗರೂ ಝಾರ್ಖಂಡದಲ್ಲಿ ನಡೆಸಿ ೨೦೨೩ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ರೋಗಿಗಳೆಲ್ಲರಿಗೂ ಆಹಾರವನ್ನು ಕೊಟ್ಟು, ಮನೆಯ ಉಳಿದ ಮಂದಿಯ ವಿಷಯದಲ್ಲಿ ಮಾತ್ರ ಹೋಲಿಕೆಯನ್ನು ಇಟ್ಟರು. ಒಂದು ಗುಂಪಿನ ಮನೆಗಳಲ್ಲಿ ತಲೆಗೆ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣವು ನೂರಕ್ಕೆ ಸುಮಾರು ನಲವತ್ತರಷ್ಟು ಇಳಿಯಿತು. ಬಂದ ರೋಗವನ್ನು ಔಷಧವೇ ನೀಗಬೇಕೆಂದು ಮದರಾಸು ಹೇಳಿತ್ತು. ಬರುವ ರೋಗವನ್ನು ಅನ್ನವು ತಡೆಯುವುದೆಂದು ಝಾರ್ಖಂಡವು ಹೇಳಿತು. ಎರಡು ಮಾತುಗಳಿಗೂ ವಿರೋಧವಿಲ್ಲ. ಕ್ರಮವಿಲ್ಲದ ಆಹಾರವನ್ನೂ ಶಕ್ತಿಮೀರಿದ ದುಡಿಮೆಯನ್ನೂ ಕಾರಣಗಳೆಂದು ಎಣಿಸಿದ ಚರಕನ ಮಾತಿಗೆ ಇಷ್ಟು ಕಾಲದ ಮೇಲೆ ಅಳತೆಯೊಂದು ದೊರೆಯಿತೆನ್ನಬಹುದು.

ಚಂದ್ರನ ಶಾಪಕ್ಕೆ ಅರೆಪರಿಹಾರವೇ ದೊರೆಯಿತೆಂದು ಪುರಾಣವು ಹೇಳುತ್ತದೆ. ಮನುಷ್ಯನಿಗೆ ಪೂರ್ಣಪರಿಹಾರವು ಕೈಗೆ ಬಂದು ಎಷ್ಟೋ ವರ್ಷಗಳಾದವು. ಇನ್ನು ಬೇಕಾದುದು, ಕೆಮ್ಮುತ್ತ ಬಾಗಿಲಿಗೆ ಬಂದವನನ್ನು ಶೀಸೆ ಕೊಟ್ಟು ಕಳುಹಿಸದೆ, ಆರು ತಿಂಗಳ ಮೇಲೆ ಅವನು ಹೇಗಿದ್ದಾನೆಂದು ವಿಚಾರಿಸುವ ಒಬ್ಬರು.